ಹೊಳೆಯಲ್ಲಿ ಕಾಯುವವನು

ವೈದ್ಯನಾಥಪುರ,
ಗುರುವಾರ

ಅತ್ತಿಗೆಗೆ ವನಜಾಳ ನಮಸ್ಕಾರ.

ಅಣ್ಣ ಹೊಳೆಯಲ್ಲಿ ಮುಳುಗಿಹೋದಾಗಿನಿಂದ ಅವ್ವ, "ದೇವ್ರಾಜು ಹೊಳೆ ಮೆಟ್ಲತ್ರ ಕಾಯ್ತಾವ್ನೆ ಕಣಮ್ಮ" ಅನ್ನುತ್ತಲೇ ಇದ್ದಾಳೆ. ಕಾಲೇಜಿನಲ್ಲಿ ನಾನು ಇಂಗ್ಲಿಷಿನ 'ವೇಟ್' ಎಂಬ ಕ್ರಿಯಾಪದದ ಚರಿತ್ರೆ ಪಾಠ ಮಾಡುತ್ತಿದ್ದೆ. ಹಿಂದೆ ಅದಕ್ಕೆ ಹೊಂಚುಹಾಕುವುದು ಎಂಬ ಅರ್ಥವಿತ್ತು. ಅಣ್ಣನೂ ಹಾಗೇ ಕಾಯುತ್ತಿದ್ದಾನೇನೋ ಎಂದು ಹೆದರಿಕೆಯಾಗಿ, ನನ್ನ ಮಗಳು ಅಮೃತಾಳನ್ನು ಹೊಳೆಯ ಕಡೆಗೇ ಬಿಡಲಿಲ್ಲ.

ನಿನ್ನೆ ಅವಳು ಕದ್ದು ಹೋಗಿ, ಜಾರಿ ನೀರಿಗೆ ಬಿದ್ದಳಂತೆ. ನೆನೆದುಕೊಂಡೇ ಮನೆಗೆ ಬಂದು, "ಮಾವ ಕೈ ಇಡ್ದು ದಡಕ್ಕೆ ಎಳ್ಕಂಡ್ರು" ಅಂದಳು. ಆ 'ವೇಟ್' ಪದಕ್ಕೆ ಕಾವಲಿರುವುದು ಎಂಬ ಹಳೆಯ ಅರ್ಥವೂ ಇತ್ತು. ನಮ್ಮ 'ಕಾಯು'ವಿಗೆ ಈಗಲೂ ಇದೆ. ಅಣ್ಣ ಅವಳನ್ನು ಕಾದಿದ್ದಾನೆ.

ಆದರೆ ಎಷ್ಟು ಒರೆಸಿದರೂ ಅವಳ ಮಣಿಕಟ್ಟು ಒಣಗುತ್ತಿಲ್ಲ, ನೀರು ಜಿನುಗುತ್ತಲೇ ಇದೆ. ಭಾನುವಾರ ದಯವಿಟ್ಟು ಬನ್ನಿ. ಇನ್ನು ಕೈ ಬಿಡಿ ಎಂದು ನೀವು ಹೇಳಿದರೆ ಅಣ್ಣ ಕೇಳುತ್ತಾನೆ.

ನಿಮ್ಮ ದಾರಿ ನೋಡುತ್ತಿರುವ,
ವನಜಾ