ಪುಸ್ತಕದ ವೋಲ್ಟು, ಮೀಟರಿನ ವೋಲ್ಟು

ಮಾರ್ಚ್ 9, ಸೋಮವಾರ

ಮೂವತ್ತೊಂದು ರೆಕಾರ್ಡ್ ಪುಸ್ತಕ ನೋಡಿದೆ. ಮೂವತ್ತರಲ್ಲಿ ಸತು-ತಾಮ್ರದ ವಿದ್ಯುತ್ ಕೋಶಕ್ಕೆ 1.10 ವೋಲ್ಟ್, ಪಠ್ಯಪುಸ್ತಕದ ಪಡಿಯಚ್ಚು. ಹನ್ನೆರಡು ವರ್ಷದಿಂದ ಪಾಠ ಮಾಡುವ ನನಗೇ ನಮ್ಮ ಪ್ರಯೋಗಾಲಯದ ಮೀಟರಿನಲ್ಲಿ ಆ ಅಂಕಿಯ ದರ್ಶನವಾಗಿಲ್ಲ!

ಒಂದರಲ್ಲಿ ಮಾತ್ರ 0.97. ಹೋದ ವರ್ಷ ಪ್ರಾಯೋಗಿಕ ಪರೀಕ್ಷೆಯಲ್ಲಿ ನಪಾಸಾದ ಹುಡುಗಿಯದು. ನನ್ನ ಸಹಿ ಬೀಳದಿದ್ದರೆ ಈ ಸಲ ಪರೀಕ್ಷೆಗೇ ಕೂರುವಂತಿಲ್ಲ. ಮಧ್ಯಾಹ್ನ ಪ್ರಯೋಗಾಲಯಕ್ಕೆ ಕರೆಸಿದೆ.

"ಏನಮ್ಮಾ, ಉಳಿದ ವೋಲ್ಟನ್ನ ಮನೆಗೆ ಕಟ್ಕೊಂಡು ಹೋದ್ಯಾ?"

"ಮೀಟರ್ ತೋರಿಸಿದ್ದೇ ಅಷ್ಟು ಸರ್. ಹೋದ ವರ್ಷ 1.10 ಅಂತ ಬರೆದಿದ್ದೆ. ಹೇಗೆ ಬಂತು ಅಂತ ಪರೀಕ್ಷಕರು ಕೇಳಿದ್ರು, ಬಾಯಿ ಕಟ್ಟಿಹೋಯ್ತು."

"ಸರಿ, ಈಗ ಯಾಕೆ ಕಮ್ಮಿ ಬಂತು, ಹೇಳು."

ಮಾಡಿಯೇ ತೋರಿಸಿದಳು. ಕಪ್ಪಾಗಿದ್ದ ಸತುವಿನ ಪಟ್ಟಿಯನ್ನು ಮರಳು ಕಾಗದದಿಂದ ತಿಕ್ಕಿದಳು. ಎರಡು ಬೀಕರುಗಳ ನಡುವೆ ಒಣಗಿಹೋಗಿದ್ದ ಕಾಗದದ ಸೇತುವೆಯನ್ನು ಉಪ್ಪುನೀರಿನಲ್ಲಿ ಮತ್ತೆ ನೆನೆಸಿದಳು. ಮೀಟರು 1.06ಕ್ಕೆ ಏರಿತು.

"ಇನ್ನೂ ಸ್ವಲ್ಪ ಕಮ್ಮಿನೇ ಸರ್."

"ಪುಸ್ತಕದ ಲೆಕ್ಕ ಶುದ್ಧ ಲೋಹಕ್ಕೆ, ಕರಾರುವಾಕ್ಕಾದ ದ್ರಾವಣಕ್ಕೆ, ಕರೆಂಟನ್ನೇ ಎಳೆಯದ ಮೀಟರಿಗೆ. ನಮ್ಮ ಹತ್ರ ಮೂರೂ ಇಲ್ಲ. ಇರೋದು ನೀನು. ಕಾರಣ ಬರಿ, ಅಂಕಿ ತಿದ್ದಬೇಡ."

ಸಹಿ ಹಾಕಿದೆ. ಉಳಿದ ಮೂವತ್ತು ಜನರಿಗೆ ನಾಳೆ ಮತ್ತೆ ಪ್ರಯೋಗ, ಗೊಣಗಲಿ. ನನ್ನ ಕಾಲೇಜು ದಿನಗಳ ರೆಕಾರ್ಡನ್ನೂ ಒಯ್ದು ತೋರಿಸುತ್ತೇನೆ. ಅದರಲ್ಲೂ 1.10 ಇದೆ, ಪಕ್ಕದವನನ್ನು ನೋಡಿ ಬರೆದದ್ದು. ಮನಸಾರೆ ನಗಲಿ, ಆಮೇಲೆ ಅಳೆಯಲಿ. ಬೆಳಗ್ಗೆ ಹೊರಡುವಾಗ ಮರೆಯದೆ ಮರಳು ಕಾಗದ ಒಂದು ಹತ್ತು ಹಾಳೆ ಕೊಳ್ಳಬೇಕು.