ದೇವರಿಗೆ ಮನೆಮಾತು, ನಿಮಗೆ ಮೊಳೆ

ಪ್ರಿಯ ಎನ್ನಲು ಮನಸ್ಸು ಬಾರದ ಗುರುಗಳೇ,

ಮೈಸೂರಿನಲ್ಲಿ ನಿಮ್ಮೆದುರು ಮೊದಲ ಸಲ ಕೂತ ದಿನ ನೆನಪಿದೆ. ಮಧ್ಯಯುಗದ ಇಂಗ್ಲಿಷ್ ಅನುಭಾವಿಗಳು ಲ್ಯಾಟಿನ್ ಬಿಟ್ಟು ಮನೆಮಾತಿನಲ್ಲಿ ದೇವರ ಬಗ್ಗೆ ಬರೆದದ್ದೇಕೆ ಎಂದು ಕೇಳಿದ್ದೆ. "ಪಾಪ, ಲ್ಯಾಟಿನ್ ಬರ್ತಿರ್ಲಿಲ್ಲ ಕಣಮ್ಮ" ಎಂದು ನಕ್ಕಿರಿ. ಬರುತ್ತಿದ್ದವರೂ ಬಿಟ್ಟಿದ್ದರಲ್ಲ, ಸರ್? ದೇವರನ್ನು ತಾಯಿ ಎಂದರು, ಹಾಲೂಡಿಸುವವಳು ಎಂದರು, ಮರುಕ್ಷಣವೇ ಅದೂ ಅಲ್ಲ ಎಂದರು. ಹೇಳಲಾಗದ್ದನ್ನು ಹೇಳಲು ಅವರಿಗೆ ಅಡುಗೆಮನೆಯ ಮಾತೇ ಬೇಕಾಯಿತು. ಇದನ್ನೇ ಎರಡು ವರ್ಷ ಕೂತು ನೋಟ್‌ಬುಕ್ಕಿನಲ್ಲಿ ಬರೆದೆ. "ನೋಡಿ ಕೊಡ್ತೀನಿ" ಎಂದು ತೆಗೆದುಕೊಂಡಿರಿ. ಕೊಡಲಿಲ್ಲ.

ಪಿಎಚ್‌ಡಿಗೆಂದು ಸ್ವೀಡನ್ನಿನ ಲುಂಡ್‌ಗೆ ಬಂದ ಮೊದಲ ಚಳಿಗಾಲ, ಲೈಬ್ರರಿಯಲ್ಲಿ ಒಂದು ಜರ್ನಲ್ ತೆರೆದರೆ ನನ್ನ ವಾಕ್ಯಗಳು, ಮೇಲೆ ನಿಮ್ಮ ಹೆಸರು. ರೊಟ್ಟಿ ತಟ್ಟುತ್ತಾ ಅಲ್ಲಾಹನ ಬಳಿ ಮನೆಯವರೊಡನೆ ದೂರುವಂತೆ ದೂರುತ್ತಿದ್ದ ನನ್ನ ಅಮ್ಮಿಯನ್ನೂ ಬಿಟ್ಟಿರಲಿಲ್ಲ. ಅಲ್ಲಾಹ ಇದ್ದಲ್ಲಿ ದೇವರು, ಅಮ್ಮಿ ಇದ್ದಲ್ಲಿ "ನನ್ನ ತಾಯಿ". ನನ್ನ ಅಮ್ಮಿ ನಿಮ್ಮನ್ನು ಯಾವಾಗ ಹೆತ್ತರು, ಸರ್?

ಫೋನ್ ಮಾಡಿದಾಗ ಏನೆಂದಿರಿ? "ಗುರುಕಾಣಿಕೆ ಅಂದ್ಕೋ, ಶಬಾನಾ." ಆಮೇಲೆ ಸತ್ತುಹೋದಿರಿ. ಸುದ್ದಿ ಕೇಳಿ ಅತ್ತೆ, ಇನ್ನು ಯಾರನ್ನು ಬೈಯಲಿ ಎಂದು.

ಇಲ್ಲಿಯ ನನ್ನ ಮಾರ್ಗದರ್ಶಕಿ ಇಂಗ್ರಿಡ್ ಒಳ್ಳೆಯವರು. ಫಿಕಾಕ್ಕೆ, ಅಂದರೆ ಇಲ್ಲಿಯವರ ಕಾಫಿ ಬಿಡುವಿಗೆ, ಕೂರಿಸಿ, ಕಾಫಿ ಸುರಿದು, ಮೆಲ್ಲಗೆ ಹೇಳಿದರು: ಪುರಾವೆ ಇಲ್ಲದಿದ್ದರೆ, ನನ್ನ ಪ್ರಬಂಧದಲ್ಲಿ ಇದೇ ವಿಷಯದ ಮೂರನೆಯ ಅಧ್ಯಾಯವನ್ನು ನನ್ನ ಗುರುಗಳದೆಂದೇ ಒಪ್ಪಿಕೊಳ್ಳಬೇಕು, ಇಲ್ಲವೇ ಕೈಬಿಡಬೇಕು. ನನ್ನ ಮಾತಿಗೆ ನಾನೇ ನಿಮ್ಮ ಹೆಸರು ಕೊಡುವುದೇ? ಆ ವಾರವೆಲ್ಲ ನಿಮ್ಮನ್ನು ಎಷ್ಟು ಶಪಿಸಿದೆನೆಂದರೆ...

ಹೋದ ತಿಂಗಳು ಮೈಸೂರಿನಿಂದ ಪಾರ್ಸೆಲ್ ಬಂತು. ಒಳಗೆ ನನ್ನ ನೋಟ್‌ಬುಕ್. ಅಂಚಿನಲ್ಲೆಲ್ಲ ನಿಮ್ಮ ಕೆಂಪು ಶಾಯಿ. ಅಮ್ಮಿಯ ಸಾಲಿನ ಪಕ್ಕ ನಿಮ್ಮದೇ ಕೈಬರಹ: "ಶಬಾನಾ, ನಿನ್ನ ತಾಯಿಯ ಮಾತು ಸೊಗಸಾಗಿದೆ." ಕೆಳಗೆ ಸಹಿ, ತಾರೀಖು. ಇಂಗ್ರಿಡ್ ಅದನ್ನು ಜರ್ನಲ್‌ಗೆ ಕಳಿಸಿದರು. ಜರ್ನಲ್‌ನವರು ನಿಮ್ಮ ಲೇಖನವನ್ನು ಹಿಂತೆಗೆದುಕೊಂಡಿದ್ದಾರೆ.

ಈ ಊರಿನಲ್ಲಿ ಪ್ರಬಂಧದ ಪರೀಕ್ಷೆಗೆ ಮೊದಲು, ಯಾರು ಬೇಕಾದರೂ ಓದಲಿ ಎಂದು, ಅದನ್ನು ನಿಜವಾಗಿಯೂ ಗೋಡೆಗೆ ಮೊಳೆ ಹೊಡೆದು ತೂಗುಹಾಕುತ್ತಾರೆ. ಇವತ್ತು ನನ್ನ ಸರದಿ. ಎರಡೇಟು ಸಾಕಿತ್ತು, ನಾನು ಆರು ಹೊಡೆದೆ. ಸುತ್ತಲಿದ್ದವರು ಸಂತೋಷಕ್ಕೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಮೂರನೆಯ ಅಧ್ಯಾಯದ ಮೊದಲ ಅಡಿಟಿಪ್ಪಣಿಯಲ್ಲಿ ನೀವು ಮಾಡಿದ್ದೆಲ್ಲ ಇದೆ.

ಸತ್ತವರ ಹೆಸರು ಕೆಡಿಸಬೇಕೇ ಎಂದು ಕೊನೆಯ ಗಳಿಗೆಯಲ್ಲಿ ನನಗೂ ಅಳುಕಾಗಿತ್ತು. ಪಾರ್ಸೆಲ್ ಕಳಿಸಿದವರಿಗೇ ಫೋನ್ ಮಾಡಿ ಕೇಳಿದೆ. "ನಲವತ್ತು ವರ್ಷ ಅವರ ಲೇಖನಗಳನ್ನ ತಿದ್ದಿ ಬರೆದುಕೊಟ್ಟೋಳು ನಾನಮ್ಮ, ಒಂದ್ಸಲಾನೂ ನನ್ನ ಹೆಸರು ಹಾಕ್ಲಿಲ್ಲ" ಎಂದರು ನಿಮ್ಮ ಹೆಂಡತಿ. "ನೀನು ಅವರ ಹೆಸರು ಹಾಕೇ ಹಾಕು."

ಹಾಕಿದ್ದೇನೆ, ಸರ್.

ಶಬಾನಾ