ಮೊಟ್ಟೆಗೂ ಬೆನ್ನಿಗೂ ಏನು ಸಂಬಂಧ?

ಕಗ್ಗದಾಸಪುರ, ಬೆಂಗಳೂರು
14 ಮೇ 2025, ಬುಧವಾರ

ಪ್ರೀತಿಯ ತಮ್ಮ ನರೇಶನಿಗೆ, ನಿನ್ನಕ್ಕ ಬೃಂದಾಳ ಜೈಭೀಮ್.

ಹೇಗಿದ್ದೀಯ? ಹೊಸಪೇಟೆಯ ಈ ಬಿಸಿಲಿಗೆ ನಿನ್ನ ಗೂಡ್ಸ್ ರೈಲಿನ ಎಂಜಿನ್ನು ಕಾದ ಹೆಂಚಿನಂತಿರುತ್ತದೆ. ನೀರು ಕುಡಿಯುತ್ತಿದ್ದೀಯೋ, ಬರೀ ಟೀ ಕುಡಿದು ಹೊಟ್ಟೆ ಉರಿಸಿಕೊಳ್ಳುತ್ತಿದ್ದೀಯೋ? ರಮ್ಯಶ್ರೀಯ ಕೆಮ್ಮು ಹೋಯಿತೇ? ಹೆಂಡತಿಗೆ ಬಿಸಿನೀರು ಕಾಯಿಸಿಕೊಟ್ಟರೆ ರೈಲೇನೂ ಹಳಿ ತಪ್ಪುವುದಿಲ್ಲ, ಕಾಯಿಸಿಕೊಡು. ಫೋನಿನಲ್ಲಿ ಹೇಳೋಣವೆಂದರೆ ಡ್ಯೂಟಿಯಲ್ಲಿ ನಿನ್ನ ಫೋನು ಬಂದ್; ಉಳಿದ ಹೊತ್ತಿನಲ್ಲಿ 'ಅಕ್ಕಾ, ಭಾಷಣ ಬೇಡ, ವಿಷಯ ಹೇಳು' ಅನ್ನುತ್ತೀಯ. ಕಾಗದದಲ್ಲಿ ನನ್ನ ಬಾಯಿಗೆ ಅಡ್ಡ ಬರುವವರಿಲ್ಲ. ಭಾಷಣವನ್ನೇ ಕೇಳು.

ಫೆಬ್ರವರಿಯ ಮುಷ್ಕರ ಮುಗಿದಾಗ, ಅಮ್ಮ ಕೆಲಸ ಮಾಡುವ ಹೌಸ್‌ಕೀಪಿಂಗ್ ಕಂಪನಿ ನಮ್ಮ ಸಂಘಕ್ಕೆ ಕೊಟ್ಟ ಮಾತು ಇದು. ಬೆನ್ನು ಹಿಡಿದವರಿಗೆಲ್ಲ ಚಿಕಿತ್ಸೆ. ಸಂಬಳ ಕತ್ತರಿಸದೆ, ಕೆಲಸದ ಹೊತ್ತಿನಲ್ಲೇ ಅರ್ಧ ಗಂಟೆ ವ್ಯಾಯಾಮ. ಮಧ್ಯಾಹ್ನದ ಊಟಕ್ಕೆ ಮೊಟ್ಟೆ ಮತ್ತು ಕಾಳುಪಲ್ಯ. ಕೈಯಲ್ಲಿ ಎತ್ತುವ ಬಕೆಟ್ಟಿನ ಬದಲು ತಳ್ಳುವ ಚಕ್ರದ ಬಕೆಟ್ಟು. ಕೊಟ್ಟಿದ್ದು ಒಂದು ಶಾಮಿಯಾನ, ಒಂದು ಬ್ಯಾನರು, ಎಲ್ಲಿಂದಲೋ ಹಿಡಿದು ತಂದ ಒಬ್ಬ ಆಸಾಮಿ. ಅವನು ಹೆಂಗಸರನ್ನು ಸಾಲಾಗಿ ಮಲಗಿಸಿ, ಲಟಲಟನೆ ಬೆನ್ನಿನ ನೆಟಿಗೆ ತೆಗೆದು, ಫೋಟೊ ಹೊಡೆಸಿಕೊಂಡು ಊಟಕ್ಕೆ ಮೊದಲೇ ಜಾಗ ಖಾಲಿ ಮಾಡಿದ. ವ್ಯಾಯಾಮ ಇಲ್ಲ. ಚಕ್ರ ಇಲ್ಲ. ಮೊಟ್ಟೆ ಎಲ್ಲಿ ಎಂದು ಕೇಳಿದ್ದಕ್ಕೆ ಮ್ಯಾನೇಜರ್ ಮಧುಕರ್ 'ಬೆನ್ನು ಸರಿ ಮಾಡ್ಸಿದೀವಲ್ರೀ, ಮೊಟ್ಟೆಗೂ ಬೆನ್ನಿಗೂ ಏನ್ರೀ ಸಂಬಂಧ?' ಎಂದು ನಕ್ಕ. ಮೇ ಮುಗಿಯುವುದರೊಳಗೆ ಬೆನ್ನು ನೆಟ್ಟಗಾಗದವರು ಮನೆಯಲ್ಲೇ ಇರಬಹುದು ಎಂದೂ ಸೇರಿಸಿದ. ಅವನ ಬಾಯಲ್ಲಿ ಮೊದಲು ಬಂದದ್ದು ಅಮ್ಮನ ಹೆಸರು. ಅದನ್ನು ಕೇಳಿಯೇ ಅಲ್ಲವೇ ನೀನು, ಅವಳನ್ನು ಕೆಲಸ ಬಿಡಿಸು, ನಾನು ಕರೆದುಕೊಂಡು ಹೋಗುತ್ತೇನೆ ಅಂದದ್ದು?

ಆಗ ಅಮ್ಮನನ್ನು ಕುಕ್ ಟೌನಿನ ಲುಬ್ನಾ ಡಾಕ್ಟರ ಹತ್ತಿರ ಕರೆದೊಯ್ದೆ. ಬೆನ್ನುಮೂಳೆಯನ್ನು ಕೈಯಿಂದಲೇ ಒತ್ತಿ ಸರಿಮಾಡುವವರು, ಕೈರೋಪ್ರಾಕ್ಟರ್ ಅನ್ನುತ್ತಾರೆ. ಆ ಶಾಮಿಯಾನದವನ ಹಾಗಲ್ಲ. ಮೊದಲು ಮೂಳೆ ಡಾಕ್ಟರಿಗೆ ತೋರಿಸಿ ಎಕ್ಸ್‌ರೇ ತೆಗೆಸಿಕೊಂಡು ಬನ್ನಿ, ಅಲ್ಲಿಯವರೆಗೆ ಮುಟ್ಟುವುದಿಲ್ಲ ಎಂದು ವಾಪಸು ಕಳಿಸಿದರು. ಎರಡನೆಯ ಸಲ ಹೋದಾಗ ಅಮ್ಮ ಅವರನ್ನು ಅಡಿಯಿಂದ ಮುಡಿವರೆಗೆ ನೋಡಿ, 'ಏನವ್ವಾ, ನೀನು ಕಾಲು ಮುಂದಾಗಿ ಹುಟ್ಟಿದ್ದಾ?' ಎಂದು ಕೇಳಿಬಿಟ್ಟಳು. ಪಾಪ ಆ ಹೆಣ್ಣುಮಗಳು ತಬ್ಬಿಬ್ಬಾಗಿ, 'ಇಲ್ಲಮ್ಮಾ, ನಾನು ಶಿವಾಜಿನಗರದಲ್ಲಿ ಹುಟ್ಟಿದ್ದು' ಅಂದರು. ನನಗೆ ನಗು ತಡೆಯಲಾಗದೆ ಹೊರಗೆ ಹೋಗಿ ನಿಂತೆ. ಅಮ್ಮ ನನ್ನ ಹಿಂದೆಯೇ ಬಂದು ಕಿವಿಯಲ್ಲಿ, 'ಮತ್ತೆ ಉಳುಕು ಹೆಂಗ್ ಹೋಗ್ತದೆ ಇವಳ ಕೈಲಿ?' ಅನ್ನುತ್ತಾಳೆ.

ನಿನ್ನದೇ ತಪ್ಪು ಇದು! ಕಾಲು ಮುಂದಾಗಿ ಹುಟ್ಟಿದವನು ಒದ್ದರೆ ಬೆನ್ನಿನ ಉಳುಕು ಹೋಗುತ್ತದೆ ಎಂದು ನಿನ್ನಿಂದ ಊರೆಲ್ಲ ಒದೆಸಿಕೊಂಡದ್ದು ನೆನಪಿದೆಯೇ? ಕಗ್ಗದಾಸಪುರ ಇನ್ನೂ ಹಳ್ಳಿಯಾಗಿದ್ದ ಕಾಲ. ನಮ್ಮನ್ನು ಜಗುಲಿ ಹತ್ತಿಸದ ಮೇಲಿನ ಬೀದಿಯವರು ಬೆನ್ನು ಹಿಡಿದಾಗ ಮಾತ್ರ ನಮ್ಮ ಕೇರಿಯ ತುದಿಗೆ ಬಂದು, 'ಪಿಳ್ಳಮ್ಮಾ, ನಿನ್ ಮಗನ್ನ ಕಳ್ಸೇ, ಎರಡು ಒದೀಲಿ' ಎಂದು ಅಂಗಲಾಚುತ್ತಿದ್ದರು. ಒದೆಸಿಕೊಂಡು ಮನೆಗೆ ಹೋಗಿ ಸ್ನಾನ ಮಾಡುತ್ತಿದ್ದರು, ಆ ಮಾತು ಬೇರೆ. ಎಷ್ಟು ಖುಷಿಯಿಂದ ಒದೆಯುತ್ತಿದ್ದೆಯೋ ನೀನು! ಇಷ್ಟು ವರ್ಷ ಚಳವಳಿಯಲ್ಲಿ ಕೂಗಿ ಕೂಗಿ ನಾನು ಮಾಡಲಾಗದ್ದನ್ನು ನೀನು ಚಡ್ಡಿ ಹಾಕುವ ಮೊದಲೇ ಮಾಡಿದ್ದೆ. ಒದೆಸಿಕೊಂಡವರು ತಿರುಗಿ ನೋಡದೆ ಹೋಗಬೇಕು, ನೋಡಿದರೆ ಉಳುಕು ಹಿಂದೆಯೇ ಬರುತ್ತದೆ ಎಂಬುದು ಅಮ್ಮನ ಕಟ್ಟಳೆ.

ಎಡವಟ್ಟಾದದ್ದೇ ಅಲ್ಲಿ. ಲುಬ್ನಾ ಅಮ್ಮನನ್ನು ಮಗ್ಗುಲಾಗಿ ಮಲಗಿಸಿ, ಭುಜ ಸೊಂಟ ಹಿಡಿದು ಒಮ್ಮೆ ಒತ್ತಿದರು. ಲಟ್ ಎಂದಿತು. ಅಮ್ಮ ಎದ್ದು ಕುಳಿತು 'ಹೋಯ್ತು' ಎಂದವಳೇ ಚಪ್ಪಲಿ ಮೆಟ್ಟಿ ನಡೆದಳು. 'ಅಮ್ಮಾ, ನಿಲ್ಲೀಮ್ಮಾ, ಇನ್ನೂ ಮುಗ್ದಿಲ್ಲ!' ಎಂದು ಲುಬ್ನಾ ಬಾಗಿಲವರೆಗೆ ಓಡಿ ಬಂದರು. ತಿರುಗಿ ನೋಡಿದರೆ ತಾನೇ? ಮತ್ತೆ ಬಾ ಅಂದ ದಿನ ಹೋಗಲಿಲ್ಲ, ಹೇಳಿದ ಒಂದು ವ್ಯಾಯಾಮವನ್ನೂ ಮಾಡಲಿಲ್ಲ. ಒಂದು ವಾರವೂ ಕಳೆದಿರಲಿಲ್ಲ, ತುಂಬಿದ ಬಕೆಟ್ಟು ಎತ್ತಲು ಬಗ್ಗಿದವಳು ಹಾಗೆಯೇ ಸಿಕ್ಕಿಕೊಂಡಳು. ಜೊತೆ ಕೆಲಸದವರು ಆಟೋದಲ್ಲಿ ಮಲಗಿಸಿಕೊಂಡು ಬಂದರು. ಆ ದಿನ ನಾನೂ ಹೆದರಿದೆ ಕಣೋ. ನೀನು ಹೇಳಿದ್ದೇ ಸರಿಯೇನೋ ಎಂದು ಅವಳ ಸೀರೆಗಳನ್ನು ಮಡಚಿ ಬ್ಯಾಗಿಗೆ ಹಾಕತೊಡಗಿದೆ. ಮಲಗಿದಲ್ಲಿಂದಲೇ ಅಮ್ಮ, 'ತೆಗ್ದಿಡೇ ಅದನ್ನ' ಎಂದು ಗದರಿದಳು.

ಮತ್ತೆ ಹೋದಾಗ ಲುಬ್ನಾ ಬಿಸಿ ಶಾಖ ಕೊಟ್ಟು, ಬಿಗಿದ ಸ್ನಾಯು ಸಡಿಲವಾಗುವವರೆಗೆ ತಿಕ್ಕಿ, ಆಮೇಲೆ ಬೈಗುಳ ಶುರುಮಾಡಿದರು. 'ಗೂಟ ನೆಟ್ಟಗೆ ಹಿಡಿಯೋದು ನನ್ನ ಕೈ ಅಮ್ಮಾ. ಸುತ್ತ ಮಣ್ಣು ಹಾಕಿ ತುಳಿಯೋರು ಯಾರು? ಅದು ವ್ಯಾಯಾಮ. ಮಣ್ಣೆಲ್ಲಿಂದ ಬರ್ಬೇಕು? ಅದು ಊಟ. ಬೆಳಿಗ್ಗೆ ಏನ್ ತಿಂತೀರಿ?' ಟೀ, ಬನ್ನು ಅಂದಳು ಅಮ್ಮ. ಮಧ್ಯಾಹ್ನ ಅನ್ನ, ಉಪ್ಪಿನಕಾಯಿ. ರಾತ್ರಿ? ಮಿಕ್ಕಿದ್ದು. 'ಯಾ ಅಲ್ಲಾ! ಬೆನ್ನು ಯಾವುದ್ರಲ್ಲಿ ಕಟ್ಲಮ್ಮಾ ನಾನು, ಉಪ್ಪಿನಕಾಯೀಲಾ?' ಅಮ್ಮ ಬೆನ್ನು ಹಿಡಿದುಕೊಂಡೇ ನಕ್ಕಳು. ಮಧುಕರನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಒಂದು ಲಟ್‌ಗೆ ಎಲ್ಲ ಮುಗಿಯಿತು, ತಿರುಗಿ ನೋಡಬೇಡ ಎಂಬ ನಂಬಿಕೆ ನಮ್ಮಮ್ಮನದು ಮಾತ್ರವಲ್ಲ, ಕಂಪನಿಯದೂ ಅದೇ. ಅಮ್ಮನದು ಮುಗ್ಧತನ. ಅವರದು ಕಳ್ಳತನ.

ಮಾರನೆಯ ದಿನವೇ ಸಂಘದಲ್ಲಿ ತೀರ್ಮಾನ ಮಾಡಿದೆವು. ವ್ಯಾಯಾಮಕ್ಕೆ ಜಾಗವಿಲ್ಲ ಎಂದು ಕಂಪನಿಯವರು ನೆಪ ಹೇಳಿದ್ದರಲ್ಲ, ಅಮ್ಮ ಕೆಲಸ ಮಾಡುವ ಕೆ.ಆರ್. ಪುರದ ಅಪಾರ್ಟ್‌ಮೆಂಟಿನ ಮುಂಬಾಗಿಲ ಲಾಬಿಯೇ ಜಾಗ. ಹೆಂಗಸರೆಲ್ಲ ತಾವೇ ಒರೆಸಿ ಹೊಳೆಯಿಸಿದ ಅಮೃತಶಿಲೆಯ ಮೇಲೆ ನಾಲ್ಕು ಕಾಲಾಗಿ ನಿಂತು, ಬೆಕ್ಕಿನಂತೆ ಬೆನ್ನು ಎತ್ತಿ ಇಳಿಸಿದರು. ಲುಬ್ನಾ ಬಿಡುವು ಮಾಡಿಕೊಂಡು ಬಂದು, ಯಾರು ಎಷ್ಟು ಬಗ್ಗಬೇಕು, ಯಾರು ಬಗ್ಗಲೇಬಾರದು ಎಂದು ತೋರಿಸಿಕೊಟ್ಟರು. ಅಮ್ಮ ಮೊದಮೊದಲು, 'ಈ ವಯಸ್ಸಲ್ಲಿ ಮಿಯಾಂವ್ ಅನ್ನಿಸ್ತಾಳಲ್ಲೇ' ಎಂದು ಗೊಣಗಿದರೂ ಒಂದು ದಿನವೂ ತಪ್ಪಿಸಲಿಲ್ಲ. ಸೆಕ್ಯೂರಿಟಿಯವರನ್ನು ಕರೆದುಕೊಂಡು ಮಧುಕರ್ ಓಡಿ ಬಂದಾಗ, ಎರಡನೆಯ ಮಹಡಿಯ ಫಹ್ಮಿದಾ ಆಂಟಿ ಲಿಫ್ಟಿನಿಂದ ಇಳಿದು, 'ನಂಗೂ ಸೊಂಟ ನೋವು, ಸ್ವಲ್ಪ ಜರುಗ್ರಮ್ಮಾ' ಎಂದು ಅಮ್ಮನ ಪಕ್ಕದಲ್ಲೇ ಚಾಪೆ ಹಾಸಿದರು. ಆಮೇಲೆ ಮಧುಕರನ ಕಡೆ ತಲೆ ಎತ್ತಿ, 'ಬೇಟಾ, ಇವ್ರ ಮೊಟ್ಟೆ ಎಲ್ಲಿ?' ಎಂದು ಕೇಳಿದರು. ಮನೆಯ ಮಾಲೀಕರು ಕೇಳಿದಾಗ ಆ ಪ್ರಶ್ನೆ ಅವನಿಗೆ ತಕ್ಷಣ ಅರ್ಥವಾಯಿತು, ನೋಡು. ಮುಂದಿನ ವಾರ ವ್ಯಾಯಾಮದ ಹೊತ್ತೂ ಬಂತು, ಮೊಟ್ಟೆಯೂ ಬಂತು.

ಬಂದ ಮೊದಲ ದಿನ ಅಮ್ಮ ತನ್ನ ಮೊಟ್ಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನನ್ನ ಮಗಳಿಗೆ ತಂದಳು. ರೇಗಿ ಕೂಗಾಡಿದೆ. ಊರವರ ಬೆನ್ನಿಗೆ ಹೋರಾಡಿ ತಂದದ್ದು ಅವಳ ಬೆನ್ನಿಗೇ ಸೇರದಿದ್ದರೆ ಯಾವ ಸೀಮೆಯ ಗೆಲುವು? ಈಗ ಸಂಘದ ಕಟ್ಟುನಿಟ್ಟು, ಅಲ್ಲೇ ಕುಳಿತು ತಿನ್ನಬೇಕು. ಮನೆಯಲ್ಲಿ ರಾಗಿಮುದ್ದೆ, ಹುರುಳಿಸಾರು, ಸೊಪ್ಪು. ಬಕೆಟ್ಟು ಎತ್ತುವಾಗ ಮಂಡಿ ಮಡಚುತ್ತಾಳೆ, ಅರ್ಧ ಮಾತ್ರ ತುಂಬುತ್ತಾಳೆ. ನೋವು ಪೂರ್ತಿ ಹೋಗಿದೆ ಎಂದು ಸುಳ್ಳು ಹೇಳುವುದಿಲ್ಲ. ಮಳೆ ಮೋಡ ಕವಿದ ದಿನ ಚುಳ್ ಅನ್ನುತ್ತದಂತೆ. ಆದರೆ ಮೊನ್ನೆ ಬುದ್ಧಪೂರ್ಣಿಮೆಯ ದಿನ ಹಲಸೂರಿನ ವಿಹಾರದಲ್ಲಿ, ಕುರ್ಚಿ ಬೇಡ ಎಂದು ನೆಲದ ಮೇಲೆ ಚಕ್ಕಳಮಕ್ಕಳ ಕುಳಿತು ವಂದನೆ ಮುಗಿಸಿದಳು. ನಾನು ಕೈ ಚಾಚಿದೆ. 'ಹೋಗೇ ಆಚೆ' ಎಂದು ತಳ್ಳಿ, ತಾನೇ ಎದ್ದಳು. ಎರಡೆರಡು ಬಾರಿ ಪಾಯಸ ಹಾಕಿಸಿಕೊಂಡಳು. ನಾನು ಮೂಲೆಗೆ ಹೋಗಿ ಅತ್ತೆ, ಸಂತೋಷಕ್ಕೆ.

ರಮ್ಯಶ್ರೀಗೆ ನನ್ನ ಪ್ರೀತಿ. ನಿನಗೆ ಅಮ್ಮನ ಆಶೀರ್ವಾದ. ಎಂಜಿನ್ನಿನಲ್ಲಿ ಗಂಟೆಗಟ್ಟಲೆ ಕುಳಿತು ನಿನ್ನ ಸೊಂಟವೂ ಹಿಡಿದಿರುತ್ತದೆ, ಇಳಿದಾಗಲೆಲ್ಲ ನಾಲ್ಕು ಹೆಜ್ಜೆ ನಡೆ.

ನಿನ್ನ ಜಗಳಗಂಟಿ ಅಕ್ಕ,
ಬೃಂದಾ

ಮರೆತೇಬಿಟ್ಟಿದ್ದೆ: ಇಪ್ಪತ್ತನಾಲ್ಕು, ಶನಿವಾರ, ಅಮ್ಮನನ್ನು ಕರೆದೊಯ್ಯಲು ಬರುತ್ತೇನೆ ಅಂದಿದ್ದೆಯಲ್ಲ, ಅವಳ ಟಿಕೆಟ್ಟು ರದ್ದು ಮಾಡು. ಅವಳ ಮಾತಿನಲ್ಲೇ ಬರೆಯುತ್ತೇನೆ: 'ಮಗನ ಮನೆ ನೋಡೋಕ್ ಬರ್ತೀನಿ, ಮೂಲೇಲಿ ಬಿದ್ದಿರೋಕ್ ಬರಲ್ಲ ಅಂತ ಬರಿ.' ನೀನು ಮಾತ್ರ ತಪ್ಪದೆ ಬಾ, ಒಂದು ದಿನ ಉಳಿದುಕೋ. ಚಕ್ರದ ಬಕೆಟ್ಟು ಇನ್ನೂ ಬಂದಿಲ್ಲ. ಅದೊಂದು ಬಂದರೆ ಅಮ್ಮನ ಬೆನ್ನೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ. ಕಂಪನಿಯವರು ಮಾತುಕತೆಗೆ ಒಪ್ಪಿದ್ದಾರೆ. ಸಂಘದ ಪರವಾಗಿ ಮಾತಾಡುವುದು ಈ ಸಲ ನಾನಲ್ಲ, ಪಿಳ್ಳಮ್ಮ. ಅದೇ ಲಾಬಿಯಲ್ಲಿ, ಮೇ 25, ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.